ಬೆಟ್ಟದ ಮೇಲೆ ಕೊಟ್ಟ ಮಾತು

ಬಿನ್ ಒಮ್ರಾನ್, ದೋಹಾ
೧೪ ಸೆಪ್ಟೆಂಬರ್ ೨೦೨೪

ಪ್ರೀತಿಯ ಸೀಮಾ,

ನೀನು, ಬಸವಲಿಂಗ, ಮಗು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಮಗಳಿಗೆ ನಿನ್ನ ಅತ್ತೆಯ ಹೆಸರನ್ನೇ ಇಟ್ಟಿರೆಂದು ತಿಳಿದು ಖುಷಿಯಾಯಿತು. ಹಾಲವ್ವ! ಇಂಗ್ಲಿಷ್ ಶಾಲೆಯ ಮಿಸ್ಸುಗಳ ಬಾಯಲ್ಲಿ ಅದು ಏನಾಗುವುದೋ. ನಿನ್ನ ಉದ್ದುದ್ದ ಮೆಸೇಜುಗಳಿಗೆಲ್ಲ ನಾನು ಬರೀ ಹೂವಿನ ಚಿತ್ರ ಕಳಿಸಿದೆನೆಂದು ಸಿಟ್ಟಾಗಬೇಡ. ನನ್ನ ಫೋನನ್ನು ಇವರೂ ತೆಗೆದು ನೋಡುತ್ತಿರುತ್ತಾರೆ. ಅದಕ್ಕೇ ಈ ಕಾಗದ. ಕೆಳಗಿನ ಮನೆಯ ಸಾರಮ್ಮ ನಾಳೆ ಮಂಗಳೂರಿಗೆ ಹೊರಟಿದ್ದಾರೆ, ಅಲ್ಲಿ ಅಂಚೆಗೆ ಹಾಕುತ್ತಾರೆ.

ಇಲ್ಲಿ ಇನ್ನೂ ಸೆಕೆ ಇಳಿದಿಲ್ಲ. ಕ್ಲಿನಿಕ್ಕಿನ ಡ್ಯೂಟಿ ಮುಗಿಸಿ ನೀನೂ ನಾನೂ ಕರಕ್ ಚಹಾ ಕುಡಿಯುತ್ತಿದ್ದ ಅಂಗಡಿ ಹಾಗೇ ಇದೆ. ನಾನು ಹೋಗುವುದಿಲ್ಲ. ಕೆಲಸ ಬಿಟ್ಟ ಮೇಲೆ ಮನೆಯಿಂದ ಹೊರಬೀಳಲು ಏನಾದರೊಂದು ಕಾರಣ ಬೇಕಲ್ಲ! ಸುಶಾಂತ್ ಬೈಯುವವರಲ್ಲ, ಕೈ ಎತ್ತುವವರಲ್ಲ, ನಿನಗೇ ಗೊತ್ತು. "ಎಂತಕ್ಕೆ ಮಾರಾಯ್ತಿ ಈ ಬಿಸಿಲಿಗೆ? ಬೇಕಾದ್ದು ನಾನೇ ತರ್ತೇನಲ್ಲ" ಎನ್ನುತ್ತಾರೆ. ತರುತ್ತಾರೆ ಕೂಡ. ಸಂಜೆ ಕಾರಿನಲ್ಲಿ ಕಡಲ ಬದಿಗೆ ಒಂದು ಸುತ್ತು, ಮತ್ತೆ ಇದೇ ಬಾಗಿಲು. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಎಸಿಗಳ ಬಿಸಿಗಾಳಿ ಮುಖಕ್ಕೆ ಬಡಿಯುತ್ತದೆ, ಹಾಗಾಗಿ ಅದನ್ನೂ ತೆರೆಯುವುದಿಲ್ಲ.

ನಾವು ಐರ್ಲೆಂಡಿಗೆ ಹೋದ ಫೋಟೋಗಳನ್ನು ನೋಡಿರಬೇಕು. ನನ್ನ ತಂಗಿ ಯಶ್ಮಿತಾ ಅಲ್ಲಿ ನರ್ಸ್ ಅಲ್ಲವೇ, ಆಗಸ್ಟಿನಲ್ಲಿ ಅವಳ ಮನೆಗೆ ಹೋಗಿದ್ದೆವು. ಒಂದು ದಿನ ಇವರೂ ನಾನೂ ಇಬ್ಬರೇ ಬಸ್ಸು ಹತ್ತಿ ಗ್ಲೆಂಡಲಾಕ್ ಎಂಬ ಕಣಿವೆಗೆ ಹೊರಟೆವು. ಅಲ್ಲಿ ಹಳೆಯ ಸನ್ಯಾಸಿಗಳ ಮಠದ ಅವಶೇಷವಿದೆ. ಪೆನ್ಸಿಲಿನಂತೆ ನಿಂತ ಕಲ್ಲಿನ ಗೋಪುರ, ಸುತ್ತ ಒಂದೊಂದು ಕಡೆ ವಾಲಿದ ಗೋರಿಕಲ್ಲುಗಳು. ಇವರು "ಇಲ್ಲಿ ನಿಲ್ಲು, ಸ್ವಲ್ಪ ನಗು" ಎನ್ನುತ್ತಾ ಗೋಪುರಕ್ಕಿಂತ ಹೆಚ್ಚು ನನ್ನದೇ ಫೋಟೋ ತೆಗೆದರು. ಸರೋವರದ ದಂಡೆಯಲ್ಲಿ ಕೂತು ಯಶ್ಮಿತಾ ಕಟ್ಟಿಕೊಟ್ಟ ಚಪಾತಿ ಪಲ್ಯ ತಿಂದೆವು. ನೀರು ಕಪ್ಪಗೆ, ಅಲುಗದೆ ಮಲಗಿತ್ತು.

ಬೆಟ್ಟ ಹತ್ತೋಣವೆಂದು ಹಠ ಮಾಡಿದವಳು ನಾನು. ಜಲಪಾತದ ಪಕ್ಕದಲ್ಲೇ ಏರಿದರೆ ಮೇಲೆ ಮರದ ಹಲಗೆ ಜೋಡಿಸಿದ ಕಾಲುದಾರಿ. ಒಂದು ಪಕ್ಕ ನೇರಳೆ ಹೂವಿನ ಕುರುಚಲು ಗಿಡಗಳು, ಇನ್ನೊಂದು ಪಕ್ಕ ನೇರ ಪ್ರಪಾತ, ತಳದಲ್ಲಿ ಸರೋವರ. ತುಂತುರು ಮಳೆ, ಸೆರಗಿದ್ದರೆ ಹಾರಿಸಿಕೊಂಡೇ ಹೋಗುವಂಥ ಗಾಳಿ. ಸೀಮಾ, ನಾನು ನಡೆದೇ ನಡೆದೆ. ನನಗೆ ಕಾಲುಗಳಿರುವುದೇ ಮರೆತುಹೋಗಿತ್ತು ಅನ್ನಿಸಿತು. ಎಷ್ಟು ಮುಂದೆ ಬಂದಿದ್ದೇನೆಂದು ತಿಳಿದದ್ದು "ಅಕ್ಷಯಾ!" ಎಂಬ ಕೂಗು ಕೇಳಿದಾಗಲೇ.

ತಿರುಗಿ ಓಡಿದೆ. ಇವರು ಹಲಗೆಯ ಮೇಲೆ ಕುಸಿದು ಕೂತಿದ್ದರು. ಎರಡೂ ಕೈಯಲ್ಲಿ ಅಂಚು ಹಿಡಿದು ಕಣ್ಣು ಮುಚ್ಚಿದ್ದರು, ಮುಖದಲ್ಲಿ ರಕ್ತವೇ ಇರಲಿಲ್ಲ. ನಾಡಿ ಹಿಡಿದರೆ ಕುದುರೆಯ ಓಟ.

"ಕೆಳಗೆ ನೋಡ್ಬೇಡಿ. ನನ್ನ ಶೂ ಮಾತ್ರ ನೋಡಿ, ನಿಧಾನಕ್ಕೆ ಇಳಿಯುವ" ಎಂದೆ.

"ನನ್ನನ್ನು ಬಿಟ್ಟು ಹೋಗ್ಬೇಡ."

"ಎಲ್ಲಿಗೆ ಹೋಗ್ತೇನೆ? ಇಲ್ಲೇ ಇದ್ದೇನಲ್ಲ."

"ಹಾಗಲ್ಲ. ಯಾವತ್ತೂ ಬಿಟ್ಟು ಹೋಗುದಿಲ್ಲ ಅಂತ ಹೇಳು. ಅಮ್ಮನ ಮೇಲೆ ಆಣೆ ಮಾಡಿ ಹೇಳು."

ಮಳೆ ಜೋರಾಗುತ್ತಿತ್ತು. ಹಿಂದೆ ಬರುತ್ತಿದ್ದ ವಯಸ್ಸಾದ ದಂಪತಿ ದಾರಿಯಿಲ್ಲದೆ ನಿಂತುಬಿಟ್ಟಿದ್ದರು. ಆಣೆ ಮಾಡಿದೆ. ಆಮೇಲೆ ಎದ್ದರು. ನಾನು ಹಿಂದಕ್ಕೆ ಹೆಜ್ಜೆ ಇಡುತ್ತಾ, ಅವರ ಎರಡೂ ಕೈ ಹಿಡಿದುಕೊಂಡು ಮಗುವನ್ನು ನಡೆಸಿದಂತೆ ನಡೆಸಿದೆ. ಆ ಮುದುಕಿ ಇವರ ಕೈಗೆ ಒಂದು ಚಾಕೊಲೇಟು ಕೊಟ್ಟು ಬೆನ್ನು ತಟ್ಟಿದಳು. ಬಸ್ಸಿನಲ್ಲಿ ಇವರು ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆಹೋದರು. ದಾರಿಯುದ್ದಕ್ಕೂ ನನ್ನ ತೋಳು ಜೋಮು ಹಿಡಿದಿತ್ತು, ಎಬ್ಬಿಸಲಿಲ್ಲ.

ಈಗ ಯಾರ ಮನೆಗೆ ಊಟಕ್ಕೆ ಹೋದರೂ ಅದೇ ಕಥೆ. ಮೊನ್ನೆ ಅಲ್ ಹಿಲಾಲ್‌ನಲ್ಲಿ ಸೃಜನ್ ಅವರ ಮನೆಯಲ್ಲೂ ಹೇಳಿದರು. "ಇವಳಿಲ್ಲದಿದ್ರೆ ನಾನು ಅಲ್ಲೇ ಖಲಾಸ್! ಅಮ್ಮನ ಆಣೆ ಮಾಡಿದ್ದಾಳೆ, ಇನ್ನು ನನ್ನನ್ನು ಬಿಟ್ಟು ಎಲ್ಲಿಗೂ ಹೋಗುವ ಹಾಗಿಲ್ಲ." ಎಲ್ಲರೂ ನಕ್ಕರು. ಸೃಜನ್ ಹೆಂಡತಿ "ಪುಣ್ಯ ಮಾಡಿದ್ದೀರಿ ಅಕ್ಷಯಾ, ಇಷ್ಟು ಪ್ರೀತಿ ಮಾಡುವವರು ಎಲ್ಲಿ ಸಿಗ್ತಾರೆ" ಎಂದರು. ನಾನೂ ನಕ್ಕೆ.

ಪುಟ್ಟ ಹಾಲವ್ವನಿಗೆ ನನ್ನ ಮುತ್ತು. ಅವಳು ಗಟ್ಟಿ ಕಾಲಿನವಳಾಗಲಿ, ಮನಸ್ಸು ಬಂದಲ್ಲಿಗೆಲ್ಲ ನಡೆದು ಹೋಗಲಿ. ನಿನಗೂ ಬಸವಲಿಂಗನಿಗೂ ಈ ಅಕ್ಕನ ತುಂಬು ಹರಕೆ.

ನಿನ್ನ ಅಕ್ಕ,
ಅಕ್ಷಯಾ

ಮತ್ತೆ: ಬರೆಯಬೇಕಾದ್ದನ್ನೇ ಬರೆದಿಲ್ಲ, ಕೈ ಏಳಲಿಲ್ಲ. ಯಶ್ಮಿತಾಳ ಊರಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಸಂಸ್ಥೆಯಲ್ಲಿ ನನಗೆ ನರ್ಸ್ ಕೆಲಸ ಸಿಕ್ಕಿತ್ತು. ಈ ಚಳಿಗಾಲದಲ್ಲಿ ನಾನೊಬ್ಬಳೇ ಹೋಗಿ ಸೇರುತ್ತೇನೆ ಎಂದು ಇವರಿಗೆ ಹೇಳಬೇಕಿತ್ತು. ಈ ಮನೆಯೊಳಗೆ ಬಾಯಿ ಬರುವುದಿಲ್ಲವೆಂದೇ ಆ ಬೆಟ್ಟಕ್ಕೆ ಕರೆದೊಯ್ದಿದ್ದೆ. ಕಳೆದ ವಾರ ಯಶ್ಮಿತಾ ಅಳುತ್ತಾ ಹೇಳಿದಳು: ಆ ದಿನ ಬೆಳಿಗ್ಗೆ, ನಾನು ಸ್ನಾನಕ್ಕೆ ಹೋಗಿದ್ದಾಗ, ಭಾವನಿಗೆ ಮೊದಲೇ ತಿಳಿದಿರಲೆಂದು ಅವಳೇ ಬಾಯಿಬಿಟ್ಟಿದ್ದಳಂತೆ. ಅಂದರೆ ಇವರು ಎಲ್ಲ ತಿಳಿದೇ ಬೆಟ್ಟ ಹತ್ತಿದ್ದರು. ನಾಡಿ ಹಿಡಿದವಳು ನಾನು, ಆ ಹೆದರಿಕೆ ನಾಟಕವಲ್ಲ. ಆದರೆ ಹೆದರಿದ್ದು ಪ್ರಪಾತಕ್ಕೋ ನನಗೋ ಎಂದು ಕೇಳುವ ಧೈರ್ಯ ನನಗಿಲ್ಲ.

ನಿನ್ನೆ ಊಟಕ್ಕೆ ಕೂತಿದ್ದಾಗ ಆ ಸಂಸ್ಥೆಯಿಂದ ಫೋನ್ ಬಂತು. ಯಾವಾಗ ಬರುತ್ತೀರಿ ಎಂದು ಕೇಳಿದರು. ಇವರು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡುತ್ತಿದ್ದರು. "ರಾಂಗ್ ನಂಬರ್" ಎಂದು ಇಟ್ಟುಬಿಟ್ಟೆ. ಯಾರೆಂದು ಇವರು ಕೇಳಲಿಲ್ಲ. ನನ್ನ ತಟ್ಟೆಗೆ ಇನ್ನೊಂದು ತುಂಡು ಮೀನು ಬಡಿಸಿದರು.