ಪನೈಯಡಿಯಲ್ಲಿ ಒಂದು ಲೋಟ ಚಹಾ

ಸೆಪ್ಟೆಂಬರ್ ೨೫, ಸೋಮವಾರ. ಬೆಳಗ್ಗೆ

ಮತ್ತೆ ಅಂಟು ಮುಗಿಯಿತು. ಮೈದಾ ಕುದಿಸಿ ಕುದಿಸಿ ಅಡುಗೆಮನೆಯೇ ಮುದ್ರಣಾಲಯವಾಗಿದೆ. ಜಗುಲಿಯ ತುಂಬ ಭಿತ್ತಿಪತ್ರಗಳು, ಪ್ರತಿಯೊಂದರಲ್ಲೂ ತಮ್ಮನ ಮುಖ — ವಕೀಲ ತಿಲ್ಲೈಯಂಬಲಂ. ಮೂಗು ಮಾತ್ರ ಅವನದಲ್ಲ. ಮುದ್ರಕನ ಕೃಪೆ.

"ಅಕ್ಕಾ, ನನ್ನ ಬಿಳಿ ಶಾಲು ಎಲ್ಲಿ?"

"ಅಂಟಿನ ಪಾತ್ರೆಗೆ ಮುಚ್ಚಿದ್ದೀನಿ."

"ಅಯ್ಯೋ! ಇವತ್ತು ನಾಲ್ಕು ಮೀಟಿಂಗು!"

"ಹಾಗಾದರೆ ಕುತ್ತಿಗೆಗೆ ಚೆನ್ನಾಗಿ ಅಂಟಿಕೊಳ್ಳುತ್ತೆ, ಹೋಗು."

ಉಪಚುನಾವಣೆ ಮುಂದಿನ ವಾರದ ಗುರುವಾರ. ಜಾಫ್ನಾದ ಈ ಕ್ಷೇತ್ರ ಗೆದ್ದರೆ ಕೊಲಂಬೊ ಸಂಸತ್ತಿನಲ್ಲಿ ಅಲ್ಪಸಂಖ್ಯಾತರ ಪರವಾಗಿ ಇನ್ನೊಂದು ಧ್ವನಿ. ತಮಿಳರ ಅರ್ಜಿಗೆ ತಮಿಳಿನಲ್ಲೇ ಉತ್ತರ ಬರಬೇಕು — ಅವನು ಕೇಳುತ್ತಿರುವುದು ಇಷ್ಟನ್ನೇ. ಪಾಠ ಹೇಳಿ ನಿವೃತ್ತವಾದ ನನ್ನ ಗಂಟಲು ಈಗ ಮಹಿಳಾ ಸಮಿತಿಗೆ ಮೀಸಲು. ಈ ವಯಸ್ಸಿನಲ್ಲಿ ಇಷ್ಟು ಹುರುಪು ಎಲ್ಲಿ ಅಡಗಿತ್ತೋ!

ಸೆಪ್ಟೆಂಬರ್ ೨೬, ಮಂಗಳವಾರ. ಸಂಜೆ

ಪನೈಯಡಿಯಿಂದ ಕಂದವನಂ ಬಂದಿದ್ದರು. ತಾಳೆಮರ ಏರಿ ಬದುಕುವವರ ಕೇರಿ ಅದು. ಕಂದವನಂ ಅಲ್ಲಿಯ ಮೊದಲ ಉಪಾಧ್ಯಾಯರು, ಕೇರಿಯ ಸಂಘಕ್ಕೂ ಅವರೇ ಮುಂದಾಳು. ಈ ಸಲ ಎರಡು ಕಡೆಯ ಬಲವೂ ಸಮಸಮ. ಪನೈಯಡಿ ಯಾರ ಕಡೆಗೋ ಗೆಲುವು ಅವರ ಕಡೆಗೆ.

"ಅಯ್ಯಾ, ಶನಿವಾರದ ಮೀಟಿಂಗಿಗೆ ಕೇರಿ ಪೂರ್ತಿ ಬರುತ್ತೆ. ಒಂದೇ ಒಂದು ಮಾತು. ಸೋಡಾ ಬೇಡ."

"ಯಾವ ಸೋಡಾ, ಮೇಷ್ಟ್ರೇ?"

"ದೊಡ್ಡವರು ಬಂದಾಗಲೆಲ್ಲ ತರಿಸ್ತೀವಲ್ಲ, ಅದು. ಅವರ ಕಣ್ಣೆದುರೇ ಬಾಟ್ಲಿ ಒಡೀಬೇಕು. ಇಲ್ಲಾಂದ್ರೆ ಎಳನೀರು. ನಮ್ಮ ಲೋಟ ಮುಟ್ಟೋ ಕಷ್ಟ ಅವರಿಗೆ ಬೇಡ ಅಂತ. ಈ ಸಲ ನಮ್ಮಮ್ಮ ಟೀ ಕಾಯಿಸ್ತಾಳೆ. ನೀವು ಕುಡೀಬೇಕು, ವೇದಿಕೆ ಮೇಲೆ."

ತಮ್ಮ ಗಟ್ಟಿಯಾಗಿ ನಕ್ಕ. "ಇಷ್ಟೇನಾ? ರಸ್ತೆ ಕೇಳ್ತೀರಿ ಅಂದುಕೊಂಡಿದ್ದೆ!"

"ರಸ್ತೆ ಆಮೇಲೆ ಕೇಳ್ತೀವಿ."

ಕೈ ಹಿಡಿದು ಮಾತು ಕೊಟ್ಟ.  ಈ ಊರಿನಲ್ಲಿ ಇದುವರೆಗೆ ಯಾವ ಅಭ್ಯರ್ಥಿಯೂ ಕೊಡದ ಮಾತು ಅದು.

ಸೆಪ್ಟೆಂಬರ್ ೨೮, ಗುರುವಾರ

ಸುದ್ದಿಗೆ ರೆಕ್ಕೆ ಬಂದಿದೆ. ದೇವಸ್ಥಾನದ ಧರ್ಮದರ್ಶಿ ವೈತ್ತಿಲಿಂಗಂ ತಾವಾಗಿಯೇ ಬಂದರು. ಪ್ರಚಾರಕ್ಕೆ ಓಡುತ್ತಿರುವ ಕಾರುಗಳೆಲ್ಲ ಅವರವೇ. ನಮ್ಮ ಮೇಲ್ಜಾತಿಯವರ ಮೇಲೂರಿನ ಮತಗಳೂ ಹೆಚ್ಚುಕಡಿಮೆ ಅವರವೇ.

"ತಿಲ್ಲೈ, ಅಲ್ಲಿ ನೀನು ಒಂದು ಗುಟುಕು ಕುಡಿದರೆ ಇಲ್ಲಿ ಒಂದೊಂದು ಮನೆಯೂ ಬಾಗಿಲು ಹಾಕಿಕೊಳ್ಳುತ್ತೆ. ನನ್ನ ಕಾರುಗಳೂ ಷೆಡ್ಡಿಗೆ."

"ಮಾತು ಕೊಟ್ಟಿದ್ದೀನಿ ಅಣ್ಣಾ."

"ಮುರಿ ಅಂದವರು ಯಾರು? ಪುರಟ್ಟಾಸಿ ಮಾಸದ ಶನಿವಾರ ಅದು. ಶನೀಶ್ವರನಿಗೆ ದೀಪ ಹಚ್ಚಿದ್ದೀನಿ, ಉಪವಾಸ ಅನ್ನು. ವ್ರತ ಹಿಡಿದವನನ್ನ ಯಾರು ಬಲವಂತ ಮಾಡ್ತಾರೆ? ಅವರಿಗೂ ಬೇಜಾರಿಲ್ಲ, ನಮಗೂ ಬೇಜಾರಿಲ್ಲ."

ತಮ್ಮ ನನ್ನತ್ತ ನೋಡಿದ.

"ನನ್ನನ್ನ ಯಾಕೆ ನೋಡ್ತೀಯ? ವ್ರತ ನಿಂದು," ಎಂದೆ.

ಅವರು ಹೋದ ಮೇಲೆ ಬಹಳ ಹೊತ್ತು ಅಂಗಳದಲ್ಲಿ ಅಡ್ಡಾಡಿದ. "ಅಕ್ಕಾ, ಗೆದ್ದರೆ ತಾನೆ ಅವರಿಗೂ ಏನಾದರೂ ಮಾಡೋಕಾಗೋದು?"

"ಒಂದು ಲೋಟ ಟೀ ಕುಡಿಯೋಕೆ ಸಂಸತ್ತಿಗೆ ಹೋಗಬೇಕೇನೋ?"



ಸೆಪ್ಟೆಂಬರ್ ೩೦, ಶನಿವಾರ. ರಾತ್ರಿ ಊಟವಿಲ್ಲದೆ

ಎಲ್ಲವನ್ನೂ ಬರೆದಿಡಬೇಕು. 

ಬೆಳಗ್ಗೆ ಸ್ನಾನ, ಎಳ್ಳೆಣ್ಣೆ ದೀಪ, ವಿಭೂತಿ — ತಮ್ಮನ ವ್ರತ ಸಾಂಗವಾಗಿ ಆರಂಭವಾಯಿತು. ಅನ್ನ ಮುಟ್ಟಲಿಲ್ಲ. ಚಹಾ ಮಾತ್ರ ಮೂರು ಸಲ ಕೇಳಿದ. ಕೊಟ್ಟೆ.

ಪನೈಯಡಿಯಲ್ಲಿ ಎಂಥ ಜನ! ತಾಳೆಗರಿಯ ಚಪ್ಪರ, ಪರೆ ತಮಟೆ, ಮರದ ಮೇಲೆಲ್ಲ ನಮ್ಮ ಬಾವುಟ — ಅವುಗಳನ್ನು ಕಟ್ಟಲು ಏಣಿ ಬೇಡದ ಊರು ಅದೊಂದೇ. ತಮ್ಮ ಅದ್ಭುತವಾಗಿ ಮಾತನಾಡಿದ. ಚಪ್ಪಾಳೆಗೆ ಚಪ್ಪರ ಅಲುಗಿತು. ಅಷ್ಟರಲ್ಲಿ ಕಂದವನಂ ಅವರ ತಾಯಿ, ಸಿನ್ನಾಚ್ಚಿ, ತಟ್ಟೆ ಹಿಡಿದು ವೇದಿಕೆ ಹತ್ತಿದರು. ಒಂದು ಲೋಟ ಚಹಾ, ಪಕ್ಕದಲ್ಲಿ ಒಂದು ತುಂಡು ತಾಳೆಬೆಲ್ಲ.

ತಮ್ಮ ಕೈ ಮುಗಿದ. "ಅಮ್ಮಾ, ಕ್ಷಮಿಸಬೇಕು. ಪುರಟ್ಟಾಸಿ ಶನಿವಾರ... ಉಪವಾಸ."

ಮುದುಕಿಗೆ ನಗು ಬಂತು. "ನಂದೂ ಉಪವಾಸಾನೇ ಕಣಪ್ಪಾ! ಬೆಳಗ್ಗೆ ಗುಡಿಯ ಹೊರಗೋಡೆ ಹತ್ರ ದೀಪ ಇಟ್ಟು ಬಂದೆ. ಉಪವಾಸಕ್ಕೆ ಟೀ ಯಾರು ಬಿಟ್ಟಿದಾರೆ? ಹಾಲು ಹಾಕಿಲ್ಲ. ಬೆಲ್ಲ ಕಚ್ಚಿಕೊಂಡು ಕುಡಿ. ಶನಿದೇವರ ಹತ್ರ ನಾನು ಮಾತಾಡ್ತೀನಿ."

ಧ್ವನಿವರ್ಧಕ ಅಷ್ಟನ್ನೂ ಊರಿಗೆಲ್ಲ ಹೇಳಿತು. ಕೇರಿಗೆ ಕೇರಿಯೇ ನಕ್ಕಿತು. ಒಳ್ಳೆಯ ನಗು, ಕೊಂಕಿಲ್ಲದ್ದು. ತಮ್ಮನೂ ನಕ್ಕ. ಲೋಟ ತೆಗೆದುಕೊಂಡ! ತುಟಿಯ ಹತ್ತಿರ ಒಯ್ದ!

ಆಗ ರಸ್ತೆಯಲ್ಲಿ ಧರ್ಮದರ್ಶಿಗಳ ಕಾರು ಹಾರನ್ ಮಾಡಿತು. ಒಂದೇ ಸಮನೆ.

ಲೋಟವನ್ನು ತಟ್ಟೆಗೆ ಇಟ್ಟ. "ಮುಂದಿನ ಸಭೆಗೆ ತಡವಾಗಿದೆ," ಎಂದು ಇಳಿದು ನಡೆದುಬಿಟ್ಟ.

 ತಟ್ಟೆ ಹಾಗೆಯೇ ಗಾಳಿಯಲ್ಲಿತ್ತು. ಎದ್ದೆ. ಬೆಲ್ಲ ಕಚ್ಚಿದೆ. ಪೂರ್ತಿ ಕುಡಿದೆ.

"ಬಿಸಿ ಇತ್ತಾ, ಟೀಚರಮ್ಮಾ?" ಮುದುಕಿಯ ದನಿ ಸಣ್ಣದಾಗಿತ್ತು.

"ಇತ್ತು. ಶುಂಠಿ ಸ್ವಲ್ಪ ಜಾಸ್ತಿ."

"ಶುಂಠಿ ಸರಿಯಾಗೇ ಇದೆ. ನಿಮ್ಮ ನಾಲಿಗೆ ಮೆತ್ತಗೆ."

ಅಕ್ಟೋಬರ್ ೧, ಭಾನುವಾರ

ನಿನ್ನೆಯ ಚಹಾದ ಸುದ್ದಿ ಮುಟ್ಟಿರಬೇಕು, ಅಡುಗೆಯವಳು ಬರಲಿಲ್ಲ. ಮಹಿಳಾ ಸಮಿತಿಗೆ ನಾನೊಬ್ಬಳೇ ಸದಸ್ಯೆ, ನಾನೇ ಅಧ್ಯಕ್ಷೆ. ಕಲಾಪ ಬೇಗ ಮುಗಿಯಿತು.

ಮಧ್ಯಾಹ್ನ ಪನೈಯಡಿಯಿಂದ ಒಂದು ಗಂಟು ಬಂತು. ನಮ್ಮ ಬಾವುಟಗಳು. ಎಲ್ಲವನ್ನೂ ಬಿಚ್ಚಿ, ಒಗೆದು, ಒಣಗಿಸಿ, ಮಡಿಸಿ ಕಳುಹಿಸಿದ್ದಾರೆ. ಹರಿದದ್ದು ಒಂದೂ ಇಲ್ಲ.

ತಮ್ಮ ಅದನ್ನು ನೋಡಿದ. ಆಮೇಲೆ ನನ್ನ ಮೇಲೆ ಹರಿಹಾಯ್ದ: "ಎಲ್ಲರೆದುರಿಗೆ ನೀನು ಯಾಕೆ ಕುಡೀಬೇಕಿತ್ತು?"

"ಆರಿಹೋಗ್ತಿತ್ತು," ಎಂದೆ.

ಅಕ್ಟೋಬರ್ ೩, ಮಂಗಳವಾರ. ರಾತ್ರಿ

ಎರಡು ದಿನ ನಮ್ಮಿಬ್ಬರ ನಡುವೆ ಉಪ್ಪು, ನೀರು, ಇಷ್ಟೇ ಮಾತು. ಇಂದು ಮೇಲೂರಿನ ದೊಡ್ಡ ಸಭೆ. ಧರ್ಮದರ್ಶಿಗಳು ಮುಂದಿನ ಸಾಲಿನಲ್ಲಿ. ತಮ್ಮ ಕೊಲಂಬೊದ ಸರ್ಕಾರಿ ಕಚೇರಿಯ ಪ್ರಸಂಗ ಹೇಳತೊಡಗಿದ. ತಮಿಳಿನಲ್ಲಿ ಬರೆದ ಅರ್ಜಿ ಹಿಡಿದು ನಿಂತಿದ್ದನಂತೆ.

"ಆ ಅಧಿಕಾರಿ ನನ್ನನ್ನು ಬೈಯಲಿಲ್ಲ. ತಳ್ಳಲಿಲ್ಲ. ಕೈ ಮುಗಿದ. ನಗುನಗುತ್ತಾ, ಬಹಳ ಮರ್ಯಾದೆಯಿಂದ, ಇವತ್ತು ಆಗುವುದಿಲ್ಲ, ಕ್ಷಮಿಸಬೇಕು ಎಂದ..."

ಅಲ್ಲಿಗೇ ಮಾತು ನಿಲ್ಲಿಸಿಬಿಟ್ಟ.

ಧ್ವನಿವರ್ಧಕ ಗುಂಯ್ಗುಡುತ್ತಿತ್ತು. ಅವನ ಕಣ್ಣು ಜನರ ಮೇಲಿರಲಿಲ್ಲ. ಇನ್ನೆಲ್ಲೋ ಇತ್ತು. ಏನೋ ಹೇಳಲು ಹೋಗಿ, ಹೇಳದೆ ಕುಳಿತ. ಜನ ಭಾವಾವೇಶವೆಂದು ತಿಳಿದು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಶನಿವಾರ ಇವನೂ ಹೀಗೆಯೇ ಕೈ ಮುಗಿದಿದ್ದ...

ಅಕ್ಟೋಬರ್ ೪, ಬುಧವಾರ. ಬೆಳಗ್ಗೆ

ಕಾಫಿಗೆ ಕರೆದರೆ ಆಳಿಲ್ಲ. ಸೈಕಲ್ಲೂ ಇಲ್ಲ. ಬಿಸಿಲೇರಿದ ಮೇಲೆ ಬೆವೆತು ಬಂದ. ಪನೈಯಡಿಗೆ ಹೋಗಿದ್ದನಂತೆ!

"ಏನಂದರು ಮೇಷ್ಟ್ರು?"

"ಮನೆಗೆ ಬಂದು ಗುಟ್ಟಾಗಿ ಕುಡಿದು ಹೋದರೆ ಯಾರಿಗೆ ಕಾಣುತ್ತೆ ಅಯ್ಯಾ ಅಂದರು. ಬಾಗಿಲಲ್ಲೇ ನಿಲ್ಲಿಸಿ ಅಂದರು, ಅಕ್ಕಾ. ಸಂಜೆ ಆ ನಾಲ್ಕು ರಸ್ತೆ ಸೇರೋ ಕಡೆಯ ಟೀ ಅಂಗಡಿಗೆ ಬರಬೇಕಂತೆ. ಒಳಗೆ. ಬೆಂಚಿನ ಮೇಲೆ. ನನ್ನ ಪಕ್ಕದಲ್ಲಿ ಅವರು."

ಆ ಅಂಗಡಿಯಲ್ಲಿ ಪನೈಯಡಿಯವರಿಗೆ ಹಿಂದಿನ ಕಿಟಕಿಯಿಂದ, ಅವರೇ ತಂದ ಬಾಟಲಿಗೆ ಚಹಾ ಸುರಿಯುವುದು ರೂಢಿ. ನಾಳೆಯೇ ಮತದಾನ.

"ನೀನೇನಂದೆ?"

"ಬರ್ತೀನಿ ಅಂದೆ."

ಸಂಜೆ, ಆರು ದಾಟಿದೆ

ಆಯಿತು! ಆಗಿಹೋಯಿತು!

ಅಂಗಡಿಯ ಇಳೈಯತಂಬಿ ಬಾಗಿಲಿಗೇ ಓಡಿಬಂದ. "ಅಯ್ಯಾ, ನಿಮಗೆ ಒಳಗೆ ಕೊಡ್ತೀನಿ. ಮೇಷ್ಟ್ರಿಗೆ... ಹೊರಗೆ ಗಾಳಿ ಚೆನ್ನಾಗಿದೆಯಲ್ಲ?"

"ನನಗೆ ಗಾಳಿ ಆಗಿಬರಲ್ಲ," ಎಂದರು ಕಂದವನಂ, ಬೆಂಚಿನ ಮೇಲೆ ಕುಳಿತು.

"ಎರಡು ಟೀ. ಒಂದೇ ಥರದ ಲೋಟ," ಎಂದ ತಮ್ಮ.

"ಮೂರು," ಎಂದೆ ನಾನು. ಹೆಂಗಸರು ಆ ಬೆಂಚಿನಲ್ಲಿ ಕೂರುವ ರೂಢಿಯೂ ಇಲ್ಲ. ಒಟ್ಟಿಗೇ ಮುರಿಯಲಿ.

ಅಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ಹೋದರು. ಒಬ್ಬ ಮುದುಕ ಮಾತ್ರ ಕದಲಲಿಲ್ಲ. ಯಾರೋ ಹೊರಗಿನಿಂದ ಕೂಗಿ ಕರೆದರೆ, "ನನ್ನ ವಡೆ ಇನ್ನೂ ಬಂದಿಲ್ಲ ಕಣೋ!" ಎಂದು ಗದರಿದ. ತಮ್ಮ ಕುಡಿದ. ತಳ ಕಾಣುವವರೆಗೆ. ಬಾಗಿಲಾಚೆ ಪನೈಯಡಿಯವರು ಇಣುಕಿ ನೋಡುತ್ತಿದ್ದರು. ಸಿನ್ನಾಚ್ಚಿ ಅಲ್ಲಿಂದಲೇ ಕೇಳಿದರು: "ಹೇಗಿದೆಯಪ್ಪಾ?"

"ನಿಮ್ಮದು ಕುಡಿದಿಲ್ಲವಲ್ಲ ಅಮ್ಮಾ, ಹೇಗೆ ಹೇಳಲಿ?"

"ಕುಡಿಸೋಣ ಬಿಡು. ಓಡಿಹೋಗ್ಬೇಡ ಅಷ್ಟೆ."

ಮನೆಗೆ ಬರುವಷ್ಟರಲ್ಲಿ ಧರ್ಮದರ್ಶಿಗಳು ಹೇಳಿಕಳುಹಿಸಿದ್ದರು. ನಾಳೆ ಕಾರುಗಳಿಲ್ಲ.

"ಸೋಲ್ತೀವಿ ಅಕ್ಕಾ," ಎಂದ. ಮುಖ ನೋಡಿದರೆ ಗೆದ್ದವನದು.

"ಸೋಲಬಹುದು. ಮೊದಲು ಮುಖ ತೊಳೆದುಕೋ."

ಗೇಟಿನ ಬಳಿ ಗದ್ದಲ. ಜಗುಲಿಯಿಂದ ಇಣುಕಿದೆ. ಪನೈಯಡಿಯವರು — ಮಕ್ಕಳು ಮರಿ ಸಮೇತ! ಮತದಾರರನ್ನು ತಾವೇ ಎತ್ತಿನ ಗಾಡಿಯಲ್ಲಿ ಸಾಗಿಸುತ್ತಾರಂತೆ, ಅದಕ್ಕೆ ಈಗಲೇ ಬಾವುಟ ಬೇಕಂತೆ. ಹಿಂದೆ ಮೇಲೂರಿನ ಕೆಲವರು. ವಡೆಯ ಮುದುಕನೂ ಇದ್ದಾನೆ! ತಮ್ಮ ಎಲ್ಲರನ್ನೂ ಒಳಗೆ ಕರೆಯುತ್ತಿದ್ದಾನೆ — "ಅಕ್ಕಾ, ಟೀಗೆ ನೀರಿಡು!" ಇಷ್ಟು ಜನಕ್ಕೆ ನಮ್ಮ ಲೋಟಗಳು ಎಲ್ಲಿ ಸಾಲುತ್ತವೆ? ಪಕ್ಕದ ಮನೆಯವರನ್ನು ಕೇಳಬೇಕು. ಯಾರಿಗೆಂದು ಕೇಳಿದರೆ ಮುಚ್ಚಿಡದೆ ಹೇಳಬೇಕು. ಕೊಡುತ್ತಾರೋ ಇಲ್ಲವೋ... ನೀರು ಕುದಿಯುವಷ್ಟರಲ್ಲಿ ಒಮ್ಮೆ ಹೋಗಿ ಬಾಗಿಲು ತಟ್ಟಿ—