ಕೂತ ಅಳತೆ

ಮನೆಯ ಮುಂಗೋಣೆಯಿಂದ,
ಹದಿನಾಲ್ಕನೆಯ ತಾರೀಕು, ಬುಧವಾರ, ಊಟವಾದ ಮೇಲೆ

ಪ್ರೀತಿಯ ಮಗಳು ಕೊಕ್ಕರೆಗೆ,

ಹೇಗಿದ್ದೀಯಮ್ಮ? ಧೂಳಿಗೆ ಬರುತ್ತಿದ್ದ ಆ ಸೀನು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಶಾಲೆಯ ಮಕ್ಕಳ ನೋಟ್‌ಬುಕ್ ತಿದ್ದುತ್ತಾ ತಟ್ಟೆಯನ್ನೇ ಮರೆಯುತ್ತೀಯೋ? ಎರಡು ವರ್ಷ ಒಂದು ಸಾಲೂ ಬರೆಯದ ಅಪ್ಪ ಈಗ ಯೋಗಕ್ಷೇಮ ಕೇಳುತ್ತಿದ್ದಾನಲ್ಲ ಎಂದು ನೀನು ಹುಬ್ಬೇರಿಸುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ಏರಿಸು, ಆದರೆ ಕಾಗದ ಮಡಿಚಿಡಬೇಡ. ನಾನು ಗಟ್ಟಿಯಾಗಿದ್ದೇನೆ, ಕಂಠ ಈಗಲೂ ಕೊನೆಯ ಬೆಂಚಿಗೆ ಮುಟ್ಟುತ್ತದೆ. ಸುದ್ದಿ ಏನೆಂದರೆ, ನಾವು ಕಾರು ಕೊಳ್ಳುತ್ತಿದ್ದೇವೆ. ಜೀವಮಾನವಿಡೀ ರಟ್ಟಿನ ಕುದುರೆಯೇರಿ ರಾಜ್ಯ ಗೆದ್ದವನಿಗೆ ಈಗ ನಾಲ್ಕು ಬಾಗಿಲು, ಹಿಂದೊಂದು ಡಿಕ್ಕಿ ಇರುವ ಪುಟ್ಟ ಸೆಡಾನ್ ಬೇಕಾಗಿದೆ.

ಏಕೆ ಎಂದರೆ, ನಿನ್ನ ಅಮ್ಮನಿಗೆ. ಫೋನಿನಲ್ಲಿ ಅವಳು ನಿನಗೆ ಚೆನ್ನಾಗಿದೀನಿ ಎನ್ನುತ್ತಾಳಲ್ಲ, ಅದನ್ನು ಮಲಗಿಕೊಂಡೇ ಹೇಳುತ್ತಾಳೆ. ಬೆನ್ನುಮೂಳೆಯೊಳಗೆ ಕಾಯಿಲೆ ಹೊಕ್ಕಿದೆ, ಮಗಳೇ. ಆಸ್ಪತ್ರೆ ಎರಡೂವರೆ ಗಂಟೆಯ ದಾರಿ, ವಾರಕ್ಕೆ ಎರಡು ಸಲ. ಹೆಚ್ಚು ಹೊತ್ತು ಕೂರುವಂತಿಲ್ಲ, ಹಿಂದಿನ ಸೀಟಿನಲ್ಲಿ ಮಂಡಿ ಮಡಚಿ ಮಲಗಿಯೇ ಹೋಗಬೇಕು. ಬಾಡಿಗೆ ವ್ಯಾನಿನವನು ಮೂಟೆ ಸಾಗಿಸುವವನಂತೆ ಓಡಿಸಿದ. ಪ್ರತಿ ಗುಂಡಿಗೂ ಅವಳು ಸೆರಗಿನ ತುದಿ ಕಚ್ಚಿಕೊಂಡಳು. ನಾಟಕ ಕಂಪನಿಯ ಸಾಮಾನಿನ ಲಾರಿಯನ್ನು ಇಪ್ಪತ್ತು ವರ್ಷ ಓಡಿಸಿದವನು ನಾನಿರುವಾಗ ಇದೇಕೆ ಎಂದು ಅಂದೇ ನಿಶ್ಚಯಿಸಿದೆ.

ಅವಳನ್ನು ಮುಟ್ಟಿ ಅಳೆದರೆ ನೋಯುತ್ತದೆಂದು ಪೆಟ್ಟಿಗೆಯಿಂದ ಕಂಪನಿಯ ಅಳತೆ ಪುಸ್ತಕ ತೆಗೆದೆ. ಅವಳೇ ಬರೆದಿಟ್ಟಿದ್ದು, ಮೂವತ್ತು ವರ್ಷ ನಮ್ಮೆಲ್ಲರ ಪೋಷಾಕು ಹೊಲಿದವಳ ಪುಸ್ತಕ ಎಂದೂ ಸುಳ್ಳು ಹೇಳಿದ್ದಿಲ್ಲ. ನಾಯಕಿ ಕೈಕೊಟ್ಟ ವರ್ಷ ಅಮ್ಮ ರಾಣಿಯಾಗಿ ನಿಂತಳಲ್ಲ, ಆಗಿನ ಅಳತೆ ಇತ್ತು. ನೆತ್ತಿಯಿಂದ ಮಂಡಿಯವರೆಗೆ ಎಷ್ಟೋ ಅಷ್ಟು, ತಲೆದಿಂಬಿಗೆ ಮೇಲೊಂದು ಗೇಣು ಸೇರಿಸಿ, ಪರದೆಯ ಹಗ್ಗಕ್ಕೆ ಎರಡು ಗಂಟು ಹಾಕಿದೆ. ಆ ಹಗ್ಗ ಹೆಗಲಿಗೇರಿಸಿ ಅಂಗಡಿ ಪ್ರವೇಶಿಸಿದೆನಮ್ಮ, ಯುದ್ಧಕ್ಕೆ ಹೊರಟವನ ಹಾಗೆ.

ಮೊದಲನೆಯದು ಬಿಳಿ ಬಣ್ಣದ್ದು. ಚಾವಣಿ ಹಿಂದಕ್ಕೆ ಎಷ್ಟು ಇಳಿದಿತ್ತೆಂದರೆ ಒಳಗೆ ತೂರುವಾಗ ಹಣೆ ಬಡಿಯಿತು. ಎರಡನೆಯದು ಕೆಂಪು, ನೆಲದ ನಡುವೆ ದಿಬ್ಬ, ಸೀಟಿನ ಮಧ್ಯದಲ್ಲಿ ಉಬ್ಬು. ಮಲಗಿದವರ ಸೊಂಟಕ್ಕೆ ನೇರ ಕುತ್ತು. ಮೂರನೆಯದು ಬೂದು ಬಣ್ಣದ್ದು, ಸೀಟು ಸಮತಟ್ಟು, ಬಾಗಿಲು ಅಗಲ, ಡಿಕ್ಕಿಯಲ್ಲಿ ಗಾಲಿಕುರ್ಚಿ ಸಲೀಸಾಗಿ ಕೂರುತ್ತದೆ. ಆದರೆ ಈ ಬಾಗಿಲಿನಿಂದ ಆ ಬಾಗಿಲಿಗೆ ಹಗ್ಗ ಹಿಡಿದರೆ ಅರ್ಧ ಗೇಣು ಸಾಲದು. ಟೈ ಕಟ್ಟಿದ ಮಾರಾಟದವನು "ಐದು ಜನ ಆರಾಮಾಗಿ ಕೂರಬಹುದು ಸಾರ್" ಎಂದ. "ಕೂರೋದು ಗೊತ್ತಪ್ಪ, ಮಲಗೋದು ಹೇಳು" ಎಂದೆ. ನನ್ನ ದನಿಗೆ ಅಂಗಡಿಯ ಗಾಜು ಝೇಂಕರಿಸಿತು. ಮೂರೂ ಬೇಡ ಎಂದು ಘೋಷಿಸಿ ಮನೆಗೆ ಬಂದೆ.

ಮಾರನೆಯ ದಿನ ಅಮ್ಮ ಹಟ ಹಿಡಿದು ತಾನೇ ಅಂಗಡಿಗೆ ಬಂದಳು. ಗಾಲಿಕುರ್ಚಿಯಿಂದ ಎತ್ತಿ ಆ ಬೂದು ಕಾರಿನ ಸೀಟಿನ ಮೇಲೆ ಮಲಗಿಸಿದೆ. ತಲೆಯ ಹತ್ತಿರ ದಿಂಬಿನ ಜಾಗ ಬಿಟ್ಟು, ಪಕ್ಕದಲ್ಲಿ ಹಗ್ಗ ಚಾಚಿದೆ. ಅವಳ ಮಂಡಿ ಮುಗಿದ ಮೇಲೂ ಹಗ್ಗ ಉಳಿಯಿತು. ಅರ್ಧ ಗೇಣು. ಗಂಟು ಜಾರಿದೆಯೇನೋ ಎಂದು ಎಳೆದು ನೋಡಿದೆ, ಮತ್ತೆ ಹಿಡಿದೆ, ಮಾರಾಟದವನ ಕೈಯಲ್ಲೂ ಹಿಡಿಸಿದೆ. ಆಗ ಅವಳು ಮಲಗಿದ್ದಲ್ಲಿಂದಲೇ ಮೆಲ್ಲಗೆ ಅಂದಳು: "ಹಗ್ಗ ಸರಿಯಾಗೇ ಇದೆ ಕಣ್ರೀ. ನಾನೇ ಕಮ್ಮಿ ಆಗಿದೀನಿ."

ನೂರಾರು ರಂಗದ ಮೇಲೆ ಎದೆ ಬಡಿದುಕೊಂಡು ಅತ್ತವನು ನಾನು. ಅಲ್ಲಿ, ಆ ಹೊಳೆಯುವ ಟೈಲ್ಸಿನ ಮೇಲೆ, ಕೈಯಲ್ಲಿ ಹಗ್ಗ ಹಿಡಿದು ನಿಂತವನಿಗೆ ಒಂದು ಮಾತೂ ನೆನಪಾಗಲಿಲ್ಲ. ಮೂಳೆಗಳು ಒಂದರ ಮೇಲೊಂದು ಕುಸಿಯುತ್ತಿವೆ ಎಂದು ವೈದ್ಯರು ಚಿತ್ರ ತೋರಿಸಿ ಹೇಳಿದ್ದರು. ನಾನು ತಲೆಯಾಡಿಸಿದ್ದೆ. ಅರ್ಥವಾದದ್ದು ಅಂದೇ.

ಅಷ್ಟಕ್ಕೆ ಮುಗಿಯಲಿಲ್ಲ ಅವಳ ತಪಾಸಣೆ. ಚೀಲದಿಂದ ಟೇಪು ತೆಗೆದು, ತಲೆ ಬರುವ ಎಡಗಡೆಯಲ್ಲಿ ಸೀಟಿನ ಬೆನ್ನಿನಿಂದ ಮುಂದಿನ ಸೀಟಿನವರೆಗೆ ಅಳೆಯಲು ಹೇಳಿದಳು. ಇಪ್ಪತ್ತೈದು ಇಂಚಿಗೆ ಒಂದು ನೂಲು ಕಡಿಮೆ ಇದ್ದರೂ ಈ ಕಾರು ಬೇಡವಂತೆ. ಮಲಗುವವಳಿಗೆ ಮಂಡಿಯ ಜಾಗ ಏತಕ್ಕೆ ಎಂದರೆ, "ಗಂಟಲು ಇಳಿಸ್ರೀ, ಇದು ರಂಗ ಅಲ್ಲ" ಎಂದು ನನ್ನ ಬಾಯಿ ಮುಚ್ಚಿಸಿದಳು. ದಿಂಬೂ ಬೇಡವಂತೆ, ಬ್ರೇಕ್ ಹಾಕಿದಾಗಲೆಲ್ಲ ಜಾರುತ್ತದಂತೆ. ಹಾಗಾದರೆ ತಲೆ ಎಲ್ಲಿಡುತ್ತೀಯೇ ಎಂದೆ. ಮುಂದಿನ ಸೀಟು ಸರಿಸಿ ಅಳೀರಿ ಎಂದಳು. ಮುಂದಿನ ಸೀಟನ್ನು ಎರಡು ಹಲ್ಲು ಮುಂದೆ ತಳ್ಳಿದರೆ ಸರಿಯಾಗಿ ಇಪ್ಪತ್ತೈದು ಬಂತು. ಅವಳ ಮುಖದಲ್ಲಿ, ತಿಂಗಳುಗಳ ನಂತರ, ಹೊಲಿಗೆ ಸರಿಬಂದಾಗಿನ ಆ ಕಳೆ. ಶನಿವಾರ ಗಾಡಿ ಕೈಗೆ ಬರುತ್ತದೆ.

ಹೊತ್ತಿಗೆ ಊಟ ಮಾಡು. ಕಣ್ಣಿಗೆ ಆಯಾಸ ಮಾಡಿಕೊಳ್ಳಬೇಡ. ಅಮ್ಮ ಒಳಗಿನಿಂದ ಯಾರಿಗೆ ಬರೆಯುತ್ತಿದ್ದೀರಿ ಎಂದು ಕೇಳುತ್ತಿದ್ದಾಳೆ, ವಿಮೆಯವರಿಗೆ ಎಂದಿದ್ದೇನೆ. ಎಲ್ಲಿದ್ದರೂ ಚೆನ್ನಾಗಿರು, ಮಗಳೇ.

ನಿನ್ನ
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಅಮ್ಮನ ಹೊಸ ಅಳತೆ ಬರೆದಿಡೋಣವೆಂದು ಇಂದು ಬೆಳಿಗ್ಗೆ ಮತ್ತೆ ಪುಸ್ತಕ ಬಿಚ್ಚಿದೆ. ಸಿಂಹಾಸನದ ಮೇಲೆ ಕೂರುವ ಪಾತ್ರಕ್ಕೆ ನಿಂತ ಅಳತೆಯ ಜೊತೆ ಕೂತ ಅಳತೆಯನ್ನೂ ತೆಗೆಯುತ್ತಿದ್ದಳಲ್ಲ, ಕೂತೊಡನೆ ನಿಲುವಂಗಿ ಮೇಲೇರಿ ಸಭೆ ನಗಬಾರದೆಂದು. ಎದುರು ಪುಟದಲ್ಲಿ ನೀನು ರಾಜಕುಮಾರನಾದ ವರ್ಷದ್ದಿತ್ತು. "ಕೊಕ್ಕರೆ, ಕೂತಾಗ ಸೊಂಟದಿಂದ ಮಂಡಿಗೆ, ಇಪ್ಪತ್ತೈದು." ಅವಳು ತಲೆ ಇಡುವ ನಿನ್ನ ಮಡಿಲಿಗೆ ಜಾಗ ಅಳೆಸಿದ್ದಳು, ಮಗಳೇ. ಬಾಯಿಬಿಟ್ಟು ಕೇಳಲಿಲ್ಲ. ಯಾಕೆ ಕೇಳುತ್ತಾಳೆ? ಎರಡು ವರ್ಷದ ಹಿಂದೆ ಅಮ್ಮನ ಬೆನ್ನನ್ನು ವೈದ್ಯರಿಗೆ ತೋರಿಸೋಣ ಎಂದು ನೀನು ಅಂಗಲಾಚಿದಾಗ, ಕಂಪನಿಯವರೆಲ್ಲರ ಮುಂದೆ "ತಾಯಿ ಮಗಳು ಸೇರಿ ನಾಟಕ ಆಡ್ತಿದೀರಿ" ಎಂದು ಗರ್ಜಿಸಿ ನಿನ್ನನ್ನು ಹೊರಗಟ್ಟಿದವನು ನಾನು. ಇನ್ನೆಷ್ಟು ಸಲ ಆಸ್ಪತ್ರೆಗೆ ಬರಬೇಕು ಎಂದು ಕೇಳಿದ್ದಕ್ಕೆ ವೈದ್ಯರು ಮುಂದಿನ ತಾರೀಕನ್ನಷ್ಟೇ ಬರೆದುಕೊಟ್ಟರು. ಸೋಮವಾರ ಬೆಳಿಗ್ಗೆ ಏಳಕ್ಕೆ ಹೊರಡಬೇಕು. ಸ್ಟೇರಿಂಗ್ ನನ್ನ ಕೈಯಲ್ಲಿರುತ್ತದೆ, ಹಿಂದೆ ತಿರುಗಿ ನಿನ್ನ ಮುಖ ನೋಡುವುದಿಲ್ಲ, ಮಾತೂ ಆಡುವುದಿಲ್ಲ. ನೀನು ಅಮ್ಮನ ತಲೆ ಹಿಡಿದುಕೋ.