ನಾವಿಬ್ಬರೇ ಬಲ್ಲ ಉತ್ತರ

ಡೊಂಬಿವಲಿ
೧೪ ನವೆಂಬರ್ ೧೯೮೩

ಅಪ್ಪಯ್ಯನಿಗೆ ನಮಸ್ಕಾರ.

ನಿನ್ನೆ ಠಾಣೆಯ ಚೆಸ್ ಟೂರ್ನಮೆಂಟಿನ ಫೈನಲ್‌ನಲ್ಲಿ ನಾನು ಸೋತೆ. ಬದಲಾಪುರದ ನಮ್ಮ ಹೋಟೆಲಿಗೆ ಸುದ್ದಿ ಆಗಲೇ ಬಂದಿರಬೇಕು. ಗೆದ್ದವರು ಕಲ್ಯಾಣದ ಹಯಗ್ರೀವ, ನೀವು ನನಗೆ ನೋಡಿರುವ ಗಂಡು.

ಎರಡನೇ ನಡೆಯಲ್ಲೇ ಒಂದು ಕಾಲಾಳನ್ನು ಬಿಟ್ಟುಕೊಡುವ ನನ್ನ ಆರಂಭ ನಿಮಗೆ ಗೊತ್ತೇ ಇದೆ. ಅದನ್ನು ಮುರಿಯುವ ಉತ್ತರವನ್ನು ಕಳೆದ ಮಳೆಗಾಲದಲ್ಲಿ ನಾವಿಬ್ಬರೇ ಕೂತು ಹುಡುಕಿದೆವು. “ಇದು ಯಾರ ಕಿವಿಗೂ ಬೀಳ್ಬಾರದು ಮಾರಾಯ್ತಿ” ಎಂದವರು ನೀವು. ನಿನ್ನೆ ಹಯಗ್ರೀವ ಅದನ್ನೇ ಆಡಿದರು. ಒಂದು ಕ್ಷಣವೂ ಯೋಚಿಸಲಿಲ್ಲ. ಗಡಿಯಾರ ಒತ್ತಿ ಚಹಾ ಕುಡಿಯುತ್ತ ಕೂತರು.

ಆಟ ಮುಗಿದ ಮೇಲೆ ಅವರೇ ನಗುತ್ತ ಹೇಳಿದರು: “ನಿಮ್ಮ ತಂದೆಯವರೇ ಹೇಳಿಕೊಟ್ಟದ್ದು. ಹುಡುಗಿಯ ಎದುರು ನಾನು ಸೋತ್ರೆ ನಮ್ಮ ಅಮ್ಮ ಸಂಬಂಧಕ್ಕೆ ಒಪ್ಲಿಕ್ಕಿಲ್ಲ ಅಂತ ಅವರಿಗೆ ಹೆದರಿಕೆ.”

ಬರುವ ಭಾನುವಾರ ಅವರ ಮನೆಯವರು ನನ್ನನ್ನು ನೋಡಲು ಬರುತ್ತಾರಲ್ಲ, ನೀವು ಸ್ವಲ್ಪ ಬೇಗ ಬನ್ನಿ. ತಿಂಡಿ ಹೋಟೆಲಿನಿಂದಲೇ ತನ್ನಿ, ಅಮ್ಮನಿಗೆ ಮೊಣಗಂಟು ನೋವು. ಕಾಫಿಯನ್ನೂ ನೀವೇ ತಂದುಕೊಡಿ. ಗಿರಾಕಿಗಳನ್ನು ಮೆಚ್ಚಿಸಿ ನಿಮಗೆ ಅಭ್ಯಾಸವಿದೆ. ನಾನು ಹೊರಗಿನ ಕೋಣೆಯಲ್ಲಿ ಬೋರ್ಡ್ ಹಾಸಿ ಕೂತಿರುತ್ತೇನೆ. ಹಯಗ್ರೀವರ ತಾಯಿಯ ಕಣ್ಣೆದುರೇ ಇನ್ನೊಂದು ಆಟವಾಗಲಿ, ಮಾತುಕತೆ ಆಮೇಲೆ.

ಈ ಸಲದ ಆರಂಭವನ್ನು ನಾನು ನಿಮಗೆ ತೋರಿಸಿಲ್ಲ.

ನಿಮ್ಮ ಮಗಳು
ಸತ್ಯಭಾಮಾ